ಬಸ್ಸಿನ ಗಾಜಿನಾಚೆ ಹೀರೋ ಅಂದದ್ದೇನು

ಮೊನ್ನೆ ಶುಕ್ರವಾರ ನೆಲಮಂಗಲದಿಂದ ನಮ್ಮೂರು ದೊಡ್ಡಬಳ್ಳಾಪುರಕ್ಕೆ ಬರುವ ಪ್ರೈವೇಟ್ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನ ಹೆಂಗಸೊಬ್ಬರು ಮೊಬೈಲಿನಲ್ಲಿ ಸಿನಿಮಾ ನೋಡುತ್ತಿದ್ದರು. ಪುಣ್ಯಾತ್ಗಿತ್ತಿ, ಸದ್ದನ್ನು ಪೂರ್ತಿ ತೆಗೆದಿಟ್ಟಿದ್ದರು. ಪರದೆಯ ಮೇಲೆ ಒಬ್ಬ ಗಂಡಸು ಕೈ ಆಡಿಸಿಕೊಂಡು ಏನೋ ಹೇಳುತ್ತಿದ್ದ, ಒಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಬೇರೆಯವರ ಮೊಬೈಲಿಗೆ ಇಣುಕುವುದು ಮರ್ಯಾದಸ್ಥರ ಕೆಲಸವಲ್ಲ ಅನ್ನುವುದು ನನಗೂ ಗೊತ್ತು. ಆದರೆ ದಾರಿಯಲ್ಲಿ ಮಧುರೆ ಹಳ್ಳಿ ಬರುವವರೆಗೆ ಮಾಡಲು ಬೇರೇನಿತ್ತು ಹೇಳಿ? ನೀವಾಗಿದ್ದರೂ ಇಣುಕುತ್ತಿದ್ದಿರಿ. ಕತ್ತು ಉದ್ದ ಮಾಡಿ ನೋಡಿದೆ. ತುಟಿಗಳು ಆಡುತ್ತಿದ್ದವು, ಅಷ್ಟೇ. ಒಂದಕ್ಷರವೂ ತಿಳಿಯಲಿಲ್ಲ. ಪಕ್ಕದಲ್ಲಿ ನಮ್ಮ ಚಿಕ್ಕಮ್ಮ ಕೂತಿದ್ದರೆ ಅವನೇನಂದ, ಇವಳೇನಂದಳು ಅಂತ ಒಂದೂ ಬಿಡದೆ ಹೇಳುತ್ತಿದ್ದಳು ಅಂದುಕೊಂಡೆ. ಅಂದುಕೊಂಡದ್ದೇ ತಡ, ನಾಲ್ಕು ವರ್ಷದ ಹಿಂದಿನ ಆ ಹತ್ತು ದಿನ ಪೂರ್ತಿ ನೆನಪಾಗಿ ಕಿವಿ ಬಿಸಿಯಾಯಿತು.

ಸಿನಿಮಾ ನೋಡಿ ಬಂದವನಿಗೆ ಅಭಿಪ್ರಾಯ ಇಲ್ಲದಿರುವುದು ನಮ್ಮ ಕಡೆ ಆಗದ ಹೋಗದ ಮಾತು. ಕಟಿಂಗ್ ಶಾಪಿನವನಿಗೆ ಒಂದು ಅಭಿಪ್ರಾಯ, ಹಾಲಿನ ಡೇರಿಯ ಮುಂದೆ ಕ್ಯಾನ್ ಹಿಡಿದು ನಿಂತವರಿಗೆ ಇನ್ನೊಂದು. "ಫಸ್ಟ್ ಹಾಫ್ ಪರ್ವಾಗಿಲ್ಲ ಗುರು, ಸೆಕೆಂಡ್ ಹಾಫ್ ಎಳ್ದವ್ರೆ" ಅನ್ನುವ ವಾಕ್ಯವನ್ನು ಯಾವ ಸಿನಿಮಾಕ್ಕಾದರೂ ಅಂಟಿಸಬಹುದು. ಸಿನಿಮಾ ನೋಡಿರದಿದ್ದರೂ ನಡೆಯುತ್ತದೆ. ನನ್ನ ಕಾಯಿಲೆ ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಕಾಲೇಜಿನಲ್ಲಿ ನಾನು ಪಾಠ ಮಾಡುವುದು ವಾಣಿಜ್ಯಶಾಸ್ತ್ರ, ಶುಕ್ರವಾರ ಸಂಜೆ ವಾಟ್ಸಾಪ್ ಗುಂಪಿಗೆ ಬರೆಯುವುದು ಸಿನಿಮಾ ವಿಮರ್ಶೆ. 'ದೃಶ್ಯಭಾಷೆ' ಎನ್ನುತ್ತೇನೆ, 'ಚೌಕಟ್ಟಿನಾಚೆಯ ನೋವು' ಎನ್ನುತ್ತೇನೆ. ಆಗೆಲ್ಲ ಇಂಟರ್‌ವಲ್‌ನಲ್ಲಿ ಪಪ್ಸ್ ತಿನ್ನುತ್ತಲೇ ಮೂರು ಪ್ಯಾರಾ ಟೈಪು ಮಾಡಿಬಿಡುತ್ತಿದ್ದೆ. ಹೀರೋ ಸಾಯುತ್ತಾನೋ ಬದುಕುತ್ತಾನೋ ಅನ್ನುವ ಜಾಗ ಮಾತ್ರ ಖಾಲಿ ಇರುತ್ತಿತ್ತು. ಗುಂಪಿನವರು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತಿದ್ದರು. ಓದಿ ಒತ್ತುತ್ತಿದ್ದರೋ ಓದದೆಯೋ, ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ನಮ್ಮ ಮನೆಯಲ್ಲೇ ನನಗಿಂತ ದೊಡ್ಡ ವಿಮರ್ಶಕಿ ಇದ್ದಾಳೆ, ನಾಗರತ್ನ ಚಿಕ್ಕಮ್ಮ. ನನ್ನ ತಾಯಿಯ ತಂಗಿ. ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್ಡುಗಳಲ್ಲಿ ಮೂವತ್ತು ವರ್ಷ ಸೀರೆ ನೇಯ್ದವಳು. ಮಂಡಿನೋವು ಬಂದು ಅವಳು ಮಗ್ಗ ಬಿಟ್ಟಳು. ಅಷ್ಟು ಹೊತ್ತಿಗೆ ಕಿವಿ ಅವಳನ್ನು ಬಿಟ್ಟಾಗಿತ್ತು. ಕಿವಿಗೆ ಮಿಷನ್ ಕೊಡಿಸಿದೆವು. "ಒಳಗೊಂದು ಸೊಳ್ಳೆ ಸಾಕ್ದಂಗೈತೆ" ಅಂತ ತೆಗೆದು ಬೀರುವಿನಲ್ಲಿಟ್ಟಳು.

ನಮ್ಮೂರಿನ ನೇಕಾರರ ಬೀದಿಗಳಲ್ಲಿ ನೀವು ಓಡಾಡಿದ್ದರೆ ಆ ಸದ್ದು ನಿಮಗೆ ಗೊತ್ತಿರುತ್ತದೆ. ಹೊರಗೆ ನಿಂತವರಿಗೇ ಎದೆ ಅದುರುತ್ತದೆ. ಒಳಗೆ ಹನ್ನೆರಡು ಮಗ್ಗ ಒಟ್ಟಿಗೆ ಹೊಡೆಯುತ್ತಿದ್ದರೆ ಕಿರುಚಿದರೂ ಪಕ್ಕದವರಿಗೆ ಕೇಳಿಸದು. ಹಾಗಂತ ಎಂಟು ಗಂಟೆ ಬಾಯಿಗೆ ಬೀಗ ಹಾಕಿಕೊಂಡಿರಲು ಆಗುತ್ತದೆಯೇ? ಶೆಡ್ಡಿನ ಹೆಂಗಸರು ದನಿಯನ್ನೇ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಾರೆ. ಆ ಮೂಲೆಯ ಮಗ್ಗದಿಂದ ಈ ಮೂಲೆಯ ಮಗ್ಗಕ್ಕೆ ಇವತ್ತಿನ ಸಾರು ಯಾವುದು, ಯಾರ ಸೊಸೆ ತವರಿಗೆ ಹೋದಳು, ಎಲ್ಲ ಸಮಾಚಾರ ಸಲೀಸಾಗಿ ಹೋಗುತ್ತದೆ. ಒಮ್ಮೆ ನಾನು ಚಿಕ್ಕಮ್ಮನಿಗೆ ಊಟದ ಡಬ್ಬಿ ಕೊಡಲು ಹೋದಾಗ ಕರೆಂಟು ಹೋಯಿತು. ಮಗ್ಗಗಳೆಲ್ಲ ನಿಂತು ಸೂಜಿ ಬಿದ್ದರೆ ಕೇಳುವಷ್ಟು ನಿಶ್ಶಬ್ದ. ಆದರೂ ಇಬ್ಬರು ಹೆಂಗಸರು ದನಿಯಿಲ್ಲದೆ ಜಗಳವಾಡುತ್ತಲೇ ಇದ್ದರು. ಉಳಿದವರು ಕೂತು ನೋಡುತ್ತಿದ್ದರು. ಯಾರದು ತಪ್ಪು ಅಂತ ನನಗೊಬ್ಬನಿಗೇ ಗೊತ್ತಾಗಲಿಲ್ಲ.

ಆ ಶೆಡ್ಡಿನಲ್ಲಿ ಚಿಕ್ಕಮ್ಮನ ಎದುರಿನ ಮಗ್ಗ ಶಮೀಮ್ ಆಪಾ ಅವರದು. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ, ಸೇಟುಗಳ ಹತ್ತಿರ ಹಿಂದಿ. ಅವರೂ ಈಗ ಮಗ್ಗ ಬಿಟ್ಟು ಮನೆಯಲ್ಲೇ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಾರೆ. ಪ್ರತಿ ಶುಕ್ರವಾರ ಇಬ್ಬರೂ ಸೇರಿ ಎರಡೂವರೆ ಆಟಕ್ಕೆ ಹೋಗುವುದು, ಬಂದು ಜಗಲಿಯ ಮೇಲೆ ಕೂತು ತೀರ್ಪು ಕೊಡುವುದು ರೂಢಿ. ಬೀದಿಯ ಹೆಂಗಸರು ಅಕ್ಕಿ ಆರಿಸುವ ಮೊರ ಹಿಡಿದುಕೊಂಡೇ ಕೇಳಲು ಬರುತ್ತಿದ್ದರು. ಚಿಕ್ಕಮ್ಮನ ತೀರ್ಪು ಸೀರೆಯ ಲೆಕ್ಕದಲ್ಲಿ. "ಅಂಚು ಚೆನ್ನಾಗೈತೆ, ಒಡಲು ಜಾಳು." "ಸೆರಗಿಗೋಸ್ಕರ ಪೂರ್ತಿ ಸೀರೆ ಉಡೋಕಾಗಲ್ಲ, ಕ್ಲೈಮ್ಯಾಕ್ಸ್ ಒಂದೇ ನೋಡಿ ಬನ್ನಿ." ನನ್ನ ಮೂರು ಪ್ಯಾರಾ ಓದಿ ಯಾರೂ ಸಿನಿಮಾಕ್ಕೆ ಹೋದದ್ದಿಲ್ಲ. ಅವಳ ಒಂದು ಮಾತಿಗೆ ಇಡೀ ಬೀದಿ ಮನೆಗೆ ಬೀಗ ಹಾಕಿ ಹೊರಡುತ್ತಿತ್ತು. ಹೊಟ್ಟೆ ಉರಿಯಿತಾ ಅಂತ ಕೇಳಿದರೆ, ಹೌದು, ಉರಿಯಿತು.

ನಾಲ್ಕು ವರ್ಷದ ಹಿಂದಿನ ಆ ಶುಕ್ರವಾರ ನಾನೂ ಅವರ ಜೊತೆ ಹೋಗಿದ್ದೆ. ಪ್ರೇಮ, ಅಗಲಿಕೆ ಇರುವ ದೊಡ್ಡ ಸಿನಿಮಾ. ಮಧ್ಯದಲ್ಲೊಂದು ದೃಶ್ಯ. ಹೀರೋಯಿನ್ ಬಸ್ಸಿನೊಳಗೆ ಕೂತಿದ್ದಾಳೆ, ಕಿಟಕಿಯ ಗಾಜು ಮುಚ್ಚಿದೆ. ಹೊರಗೆ ಉರಿಬಿಸಿಲಿನಲ್ಲಿ ನಿಂತು ಹೀರೋ ಏನೇನೋ ಹೇಳುತ್ತಾನೆ. ಮಾತು ನಮಗೆ ಕೇಳಿಸದು, ಬರೀ ಪಿಟೀಲು. ಅವನ ಕೆನ್ನೆಯ ಮೇಲೆ ನೀರು. ಅವಳು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ಭುಜ ಕುಲುಕುತ್ತಿದೆ. ಇಡೀ ಥಿಯೇಟರ್ ಮೂಗೊರೆಸುತ್ತಿತ್ತು. ನಾನಂತೂ ಬಿಕ್ಕುತ್ತಿದ್ದೆ. 'ಮಾತು ಸೋತಲ್ಲಿ ಮೌನ ಗೆದ್ದಿತು' ಅನ್ನುವ ವಾಕ್ಯ ಆಗಲೇ ತಲೆಯಲ್ಲಿ ರೆಡಿಯಾಗಿತ್ತು.

ಆಗ ನನ್ನ ಪಕ್ಕದಲ್ಲಿ ಚಿಕ್ಕಮ್ಮ ಕಿಸಕ್ಕನೆ ನಕ್ಕಳು. ಅವಳಾಚೆ ಶಮೀಮ್ ಆಪಾ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಮುಂದಿನ ಸಾಲಿನವರೆಲ್ಲ ತಿರುಗಿದರು. ನಾನು ಅವಳ ತೋಳು ಚಿವುಟಿದೆ. ಅವಳು ಇನ್ನೂ ಜೋರಾಗಿ ನಕ್ಕಳು.

ಹೊರಗೆ ಬರುತ್ತಲೇ ಹೇಳಿದಳು. "ಅವನು ಎಲ್ಲೋ ಪ್ರೀತಿ ಮಾತಾಡ್ತಾನೆ? 'ಶೂ ಕಚ್ತೈತೆ. ಡ್ರೈವರ್ ಎಲ್ಲೋದ, ಬಸ್ ಎತ್ತಕ್ಕೆ ಹೇಳ್ರೋ. ನಾನ್ ಹೋಗೋ ಹೊತ್ಗೆ ಮಟನ್ ಖಾಲಿ ಮಾಡ್ಬಿಡ್ತಾರೆ, ಎರಡು ಪೀಸ್ ಎತ್ತಿಡಿ' ಅಂತವ್ನೆ."

"ಹುಡುಗಿ ಅಳೋದೂ ಸುಳ್ಳು," ಅಂದರು ಶಮೀಮ್ ಆಪಾ. "ಉನೆ ರೋ ರೈ ನೈಂ, ಹಂಸ್ ರೈ. ನಗ್ತಾವ್ಳೆ. ಕರ್ಚೀಫ್ ಇಡೋಕ್ಕೆ ಮುಂಚೆ ಹಿಂದೀಲಿ 'ನಗಿಸ್ಬೇಡ, ನಗಿಸ್ಬೇಡ' ಅಂದ್ಲು. ಅಲ್ಲಾ ಕಸಂ."

"ತುಟಿ ನೋಡಿ ಅಷ್ಟೆಲ್ಲ ಹೇಳೋಕಾಗುತ್ತಾ?" ಅಂದೆ.

"ಮಟನ್ನೋ ಬಟನ್ನೋ, ಅದೊಂದು ಅನುಮಾನ. ತುಟಿ ಮೇಲೆ ಎರಡೂ ಒಂದೇ ಥರ ಕಾಣ್ತವೆ," ಅಂದಳು ಚಿಕ್ಕಮ್ಮ. ಒಂದು ಕ್ಷಣ ಯೋಚಿಸಿ, "ಮಟನ್ನೇ ಇರ್ಬೇಕು ಕಣೋ. ಬಟನ್‌ಗೆ ಯಾರು ಅಳ್ತಾರೆ?" ಅಂದಳು.

ಥಿಯೇಟರ್ ಗೇಟಿನಲ್ಲಿ ಯೂಟ್ಯೂಬಿನವನೊಬ್ಬ ಮೈಕು ಹಿಡಿದು ನಿಂತಿದ್ದ, ದೊಡ್ಡ ಗಡ್ಡದ ಆಸಾಮಿ. "ಸಾರ್, ಫಿಲಂ ಹೆಂಗಿದೆ?" ಈ ಪ್ರಶ್ನೆಗೆ ನಾನು ಎಷ್ಟು ವರ್ಷದಿಂದ ಕಾದಿದ್ದೆ ಅಂತ ಅವನಿಗೇನು ಗೊತ್ತು! ಕನ್ನಡಕ ಸರಿಮಾಡಿಕೊಂಡು ಶುರು ಮಾಡಿದೆ. ಬಸ್ಸಿನ ದೃಶ್ಯದ ಮೌನದ ಬಗ್ಗೆ, ಆ ಗಾಜು ಏನನ್ನು ಸೂಚಿಸುತ್ತದೆ ಅನ್ನುವುದರ ಬಗ್ಗೆ ಹೇಳುತ್ತಲೇ ಇದ್ದೆ. ಅವನಿಗೆ ಆಕಳಿಕೆ ಬಂತೋ ಏನೋ, ಮೈಕನ್ನು ಚಿಕ್ಕಮ್ಮನ ಕಡೆ ತಿರುಗಿಸಿದ. "ಅಜ್ಜಿ, ನೀವು ಹೇಳಿ."

"ಬಸ್ ಸೀನಲ್ಲಿ ಅವನು ಊಟದ ವಿಷ್ಯ ಮಾತಾಡ್ತಾನಪ್ಪ," ಅಂದಳು. "ಮಟನ್ ಎತ್ತಿಡಿ ಅಂತಾನೆ."

ಸುತ್ತ ನಿಂತವರು ಗೊಳ್ಳೆಂದರು. ಗಡ್ಡದವನು ನನ್ನ ಮುಖ ನೋಡಿದ. ಆಗ ನಾನು ಮಾಡಿದ ಕೆಲಸ ಇದೆಯಲ್ಲ, ಬರೆಯಲು ಈಗಲೂ ನಾಚಿಕೆ. ನನ್ನ ಮೌನದ ವ್ಯಾಖ್ಯಾನಕ್ಕೆ ಇವಳು ಮಟನ್ ಸುರಿದುಬಿಟ್ಟಳಲ್ಲ ಅನ್ನುವ ಸಿಟ್ಟಿನಲ್ಲಿ, ಕಿವಿಯ ಹತ್ತಿರ ಕೈಯಾಡಿಸಿ, ಮೆಲ್ಲಗೆ, ಅವಳಿಗೆ ಕೇಳಿಸದಷ್ಟು ಮೆಲ್ಲಗೆ, "ಅವರಿಗೆ ಕಿವಿ ಕೇಳಲ್ಲ, ಬಿಡಿ" ಅಂದೆ. ಕೇಳಿಸದಷ್ಟು ಮೆಲ್ಲಗೆ! ಎಂಥ ದಡ್ಡ ನೋಡಿ ನಾನು.

ಚಿಕ್ಕಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ನೀನು ಅವನ ಹತ್ರ ಏನಂದೆ ಅಂತ ನೋಡ್ದೆ ಕಣೋ," ಅಂದಳು. "ಮೂವತ್ತು ವರ್ಷ ಮಗ್ಗದ ಮುಂದೆ ನಿಂತು ಕಿವಿ ಕಳ್ಕೊಂಡಿದೀನಿ. ಬುದ್ಧಿ ಕಳ್ಕೊಂಡಿಲ್ಲ. ಇನ್ಮೇಲೆ ನಾನು ಸಿನಿಮಾಕ್ಕೆ ಹೋಗಲ್ಲ."

ಮರುದಿನವೇ ಆ ವಿಡಿಯೋ ಊರಿಡೀ ಓಡಾಡಿತು. ನನ್ನ ಮೌನದ ವ್ಯಾಖ್ಯಾನವನ್ನು ಗಡ್ಡದವನು ಪೂರ್ತಿ ಕತ್ತರಿಸಿ ಎಸೆದಿದ್ದ. ಚಿಕ್ಕಮ್ಮನ ಮಟನ್, ನನ್ನ "ಕಿವಿ ಕೇಳಲ್ಲ" ಇವೆರಡೇ ಉಳಿದಿದ್ದವು. ಕೆಳಗೆ ಜನ ಬರೆದದ್ದು ಬೇಡ. ತರಕಾರಿ ಅಂಗಡಿಯಲ್ಲಿ ಅವಳ ಬೆನ್ನ ಹಿಂದೆ "ಮಟನ್ ಅಜ್ಜಿ" ಅನ್ನಲು ಶುರುಮಾಡಿದರು. ಬರೀ ಕಿವುಡಿಯಾಗಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲವೇನೋ. ಇವಳು ರಸ್ತೆಯ ಆಚೆ ಬದಿಯಲ್ಲಿ ಆಡಿದ್ದನ್ನೂ ನೋಡುವವಳು. ಜಗಲಿಗೆ ಯಾರೂ ಮೊರ ಹಿಡಿದು ಬರಲಿಲ್ಲ. ಮುಂದಿನ ಶುಕ್ರವಾರ ಹೊಸ ಸಿನಿಮಾ ಬಂತು. ಶಮೀಮ್ ಆಪಾ ತಲೆ ಬಾಚಿಕೊಂಡು ಬಂದರು, ಚಿಕ್ಕಮ್ಮ ಹೊದ್ದು ಮಲಗಿದ್ದಳು. ತಪ್ಪಾಯ್ತು ಅನ್ನುವ ಒಂದು ಮಾತು ನನ್ನ ಬಾಯಿಯವರೆಗೆ ಬಂದು ಬಂದು ವಾಪಸ್ ಹೋಗುತ್ತಿತ್ತು. ಅದರ ಬದಲು ಬೇಕರಿಯಿಂದ ಖಾರಾ ಬನ್ ತಂದು ಅವಳ ಮುಂದಿಟ್ಟೆ. ಅವಳು ಮುಟ್ಟಲಿಲ್ಲ. ನಾನೇ ತಿಂದೆ.

ಶಮೀಮ್ ಆಪಾ ಮಾತ್ರ ಸುಮ್ಮನೆ ಕೂರುವ ಹೆಂಗಸಲ್ಲ. ಆ ಸಿನಿಮಾ ತಂಡ ಭಾನುವಾರ ನಮ್ಮೂರ ಥಿಯೇಟರಿಗೆ ಬರುತ್ತದೆ ಅಂತ ಪೋಸ್ಟರ್ ಬಿದ್ದಿದ್ದೇ ತಡ, ಶೆಡ್ಡಿನಿಂದ ಶೆಡ್ಡಿಗೆ ಹೋದರು. ಸದ್ದಿನ ಮಧ್ಯೆ ನಿಂತು, ದನಿಯಿಲ್ಲದೆ, ಒಂದೊಂದು ಮಗ್ಗಕ್ಕೂ ಹೇಳಿದರು. "ನಾವು ಸುಳ್ಳು ಹೇಳಿದ್ವೋ ನಿಜ ಹೇಳಿದ್ವೋ, ಬಂದು ನೀವೇ ನೋಡ್ರೇ." ಭಾನುವಾರ ಬೆಳಿಗ್ಗೆ ಬಂದು ಚಿಕ್ಕಮ್ಮನ ಹೊದಿಕೆ ಎಳೆದರು. "ಏಳು ನಾಗು. ನೀನ್ ಮಲ್ಗಿದ್ರೆ ನಾನೂ ಸುಳ್ಳಿ ಆಗ್ತೀನಿ. ನನ್ ಮಾನಕ್ಕಾದ್ರೂ ಬಾ."

ಚಿಕ್ಕಮ್ಮ ಎದ್ದಳು. ತಾನೇ ನೇಯ್ದ ಹಸಿರು ರೇಷ್ಮೆ ಸೀರೆ ಉಟ್ಟಳು. ನನ್ನನ್ನು ಕರೆಯಲಿಲ್ಲ. ನಾನು ಹತ್ತು ಹೆಜ್ಜೆ ಹಿಂದೆ ಬಾಲದ ಹಾಗೆ ಹೋದೆ.

ಥಿಯೇಟರಿನಲ್ಲಿ ಒಂದು ಕಡೆ ಪೂರ್ತಿ ಮಗ್ಗದ ಹೆಂಗಸರು. ಅವತ್ತು ಶೆಡ್ಡುಗಳಿಗೆ ರಜೆ. ತಲೆಯಲ್ಲಿ ಕನಕಾಂಬರ, ಮಡಿಲಲ್ಲಿ ಕಡ್ಲೆಕಾಯಿ. ಸಿನಿಮಾ ಶುರುವಾಯಿತು, ಪಿಟೀಲು ಬಂತು, ಬಸ್ಸು ಬಂತು. ಹೀರೋ ಗಾಜಿನಾಚೆ ನಿಂತು ಬಾಯಿ ತೆರೆದ. ಚಿಕ್ಕಮ್ಮ ಸೋತರೆ ಅವಳು ಇನ್ನೆಂದೂ ಮನೆಯಿಂದ ಹೊರಗೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಎರಡು ಕ್ಷಣ, ಮೂರು ಕ್ಷಣ. ನಾಲ್ಕನೆಯದಕ್ಕೆ ಆ ಕಡೆಯಿಂದ ನಗು ಎದ್ದಿತು ನೋಡಿ! ಒಬ್ಬಳಲ್ಲ, ಇಬ್ಬರಲ್ಲ, ಅಷ್ಟೂ ಜನ. "ಅಯ್ಯೋ, ಮಟನ್ನೇ ಕಣೇ!" ಅಂತ ಯಾರೋ ಕೂಗಿದರು. ಈ ಕಡೆಯ ಗಂಡಸರು ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ ಕಕ್ಕಾಬಿಕ್ಕಿಯಾದರು.

ಬಾಗಿಲ ಹತ್ತಿರ ನಿಂತಿದ್ದ ಡೈರೆಕ್ಟರ್ ಇದನ್ನು ನೋಡಿದ್ದರು. ಸಿನಿಮಾ ಮುಗಿದು ದೀಪ ಹತ್ತಿದ ಮೇಲೆ ಪರದೆಯ ಮುಂದೆ ಬಂದು ನಿಂತರು, ಪಕ್ಕದಲ್ಲಿ ಹೀರೋ. ಚಪ್ಪಾಳೆ, ಶಿಳ್ಳೆ ಎಲ್ಲ ಆಯಿತು. ಡೈರೆಕ್ಟರ ಮುಖದಲ್ಲಿ ಕಳೆಯಿರಲಿಲ್ಲ. "ಎಲ್ಲಾ ಊರಲ್ಲೂ ಬಸ್ ಸೀನಿಗೆ ಜನ ಅಳ್ತಾರೆ," ಅಂದರು. "ನೀವು ಯಾಕಮ್ಮಾ ನಕ್ರಿ? ಏನ್ ತಪ್ಪಾಯ್ತು ಹೇಳಿ."

ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು, ಯಾರೂ ಏಳಲಿಲ್ಲ. ಆಗ ನಾನು ಕೈ ಎತ್ತಿದೆ. ಮೈಕು ಬಂತು. ಹತ್ತು ದಿನದ ಹಿಂದೆ ಇಂಥ ಮೈಕಿಗಾಗಿ ಜೀವ ಬಿಡುತ್ತಿದ್ದ ನಾನು ಅದನ್ನು ಒಯ್ದು ಚಿಕ್ಕಮ್ಮನ ಕೈಗಿಟ್ಟೆ. "ಇವರು ಹೇಳ್ತಾರೆ. ಇವರಿಗೇ ಗೊತ್ತಿರೋದು," ಅಂದೆ.

ಅವಳು ಎದ್ದು ನಿಂತಳು. ಮಗ್ಗದವರ ದನಿ ಮೊದಲೇ ದೊಡ್ಡದು, ಅದಕ್ಕೆ ಮೈಕು ಬೇರೆ. ಥಿಯೇಟರ್ ಗುಡುಗಿತು.

"ಏನಪ್ಪಾ ಹೀರೋ, ಅವತ್ತು ಮಟನ್ ಸಿಕ್ತಾ?"

ಹೀರೋನ ಮುಖ ನೋಡಬೇಕಿತ್ತು ನೀವು. ಅವನ ಕೈ ತಾನಾಗಿ ಬಾಯಿ ಮುಚ್ಚಿತು. ಡೈರೆಕ್ಟರು, "ಯಾವ ಮಟನ್?" ಅಂದರು. ಪಾಪ, ಅವರಿಗೇ ಗೊತ್ತಿರಲಿಲ್ಲ. ಚಿಕ್ಕಮ್ಮ ಆ ಶೂ ಕಚ್ಚುವ ಮಾತಿನಿಂದ ಶುರುಮಾಡಿ ಎರಡು ಪೀಸಿನವರೆಗೆ ಎಲ್ಲವನ್ನೂ ಒಪ್ಪಿಸಿದಳು. ನಡುನಡುವೆ ಶಮೀಮ್ ಆಪಾ ಹೀರೋಯಿನ್ ಪಾಲಿನ ಮಾತು ಸೇರಿಸಿದರು. ಹೀರೋ ಸ್ಟೇಜಿನ ಅಂಚಿನಲ್ಲಿ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಜ ಸಾರ್," ಅಂದ ಡೈರೆಕ್ಟರ ಕಡೆ ತಿರುಗಿ. "ಮ್ಯೂಸಿಕ್ ಹಾಕ್ತೀವಿ, ಬಾಯಿಗೆ ಬಂದಿದ್ದು ಮಾತಾಡು ಅಂದ್ರಿ. ಹಸಿವು ಸಾರ್, ಅದೇ ಬಂತು. ಕಣ್ಣಲ್ಲಿ ನೀರು ಬಂದಿದ್ದು ಶೂಗೆ."

ಗಂಡಸರ ಕಡೆಯಿಂದ ಯಾರೋ ಒಬ್ಬ, "ಎಲ್ಲಾ ಮೊದ್ಲೇ ಮಾತಾಡ್ಕೊಂಡವ್ರೆ ಗುರು!" ಅಂತ ಕೂಗಿದ. ಅನುಮಾನದ ಪ್ರಾಣಿಗಳು ಎಲ್ಲ ಊರಲ್ಲೂ ಇರುತ್ತವೆ. ಹೀರೋ ಎದ್ದು ನಿಂತ. ಮೈಕು ಕೆಳಗಿಟ್ಟು, ಚಿಕ್ಕಮ್ಮನ ಕಡೆ ನೋಡುತ್ತಾ ದನಿಯಿಲ್ಲದೆ ಏನೋ ಹೇಳಿದ. ನನಗೆ ತುಟಿ ಆಡಿದ್ದಷ್ಟೇ ಕಂಡಿತು. ಚಿಕ್ಕಮ್ಮ ಮೈಕು ಬಾಯಿಗೆ ತಂದಳು. ಅವಳು ಹೇಳುವ ಮೊದಲೇ ಅಷ್ಟೂ ಹೆಂಗಸರು ಒಂದೇ ದನಿಯಲ್ಲಿ ಹೇಳಿಬಿಟ್ಟರು.

"ಅಮ್ಮಾ, ಸಾಕು, ನನ್ ಮಾನ ಕಳೀಬೇಡಿ!"

ಹೀರೋ ಎರಡೂ ಕೈ ಎತ್ತಿ ಮುಗಿದ. ಆಮೇಲಿನ ಶಿಳ್ಳೆ, ಚಪ್ಪಾಳೆ, ಸೀಟು ಬಡಿತ, ಏನಂತ ಹೇಳಲಿ! ಹತ್ತು ದಿನ "ಮಟನ್ ಅಜ್ಜಿ" ಅಂದ ಊರು ಎದ್ದು ನಿಂತು ಅವಳಿಗೆ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ, ಅಂಗೈ ಕೆಂಪಾಗುವವರೆಗೆ. ಕಣ್ಣಲ್ಲಿ ನೀರು ಬಂತು. ಅವತ್ತಿನ ಬಸ್ಸಿನ ಸೀನಿಗೆ ಅತ್ತಿದ್ದಕ್ಕಿಂತ ಹೆಚ್ಚೇ ಅತ್ತೆ.

ಗದ್ದಲ ಇಳಿದ ಮೇಲೆ ಡೈರೆಕ್ಟರ್ ಕೈಮುಗಿದು, "ಅಮ್ಮಾ, ಇಷ್ಟೆಲ್ಲ ನೋಡಿದೀರ. ಸಿನಿಮಾ ಹೆಂಗೈತೆ ಅಂತ ನೀವೇ ಹೇಳಿ," ಅಂದರು.

"ಅಂಚು ಚೆನ್ನಾಗೈತೆ, ಒಡಲಲ್ಲಿ ಅಲ್ಲಲ್ಲಿ ಎಳೆ ಬಿಟ್ಟೈತೆ," ಅಂದಳು ಚಿಕ್ಕಮ್ಮ. ಕೂರಲು ಹೋದವಳು ಮತ್ತೆ ನಿಂತಳು. "ಆ ಬಸ್ಸಲ್ಲಿ ಹುಡುಗಿ ಹಿಂದಿನ ಸೀಟಲ್ಲಿ ಒಂದು ವಯಸ್ಸಾದ ಹೆಂಗಸು ಕೂತಿತ್ತಲ್ಲ, ನೀಲಿ ಸೀರೆ. ಅದು ಸುಳ್ಳಲ್ಲ. ಕಿಟಕಿ ಕಡೆ ನೋಡ್ಕೊಂಡು 'ಬರ್ತೀನಿ ಮಗ, ಹುಷಾರು' ಅಂತು. ನಿಜವಾಗಿ ಅತ್ತಿದ್ದು ಅದೊಂದೇ. ಆಯಮ್ಮನ ಹೆಸರೇನಪ್ಪ?"

ಡೈರೆಕ್ಟರಿಗೆ ಗೊತ್ತಿರಲಿಲ್ಲ. "ತಿಳ್ಕೊಂಡು ಹೇಳ್ತೀನಮ್ಮ," ಅಂದರು, ತಗ್ಗಿದ ದನಿಯಲ್ಲಿ. ಆ ನೀಲಿ ಸೀರೆಯನ್ನು ನಾನು ಎರಡು ಸಲ ನೋಡಿಯೂ ನೋಡಿರಲಿಲ್ಲ.

ಗೇಟಿನಲ್ಲಿ ಗಡ್ಡದವನು ಓಡಿ ಬಂದ. "ಅಮ್ಮಾ, ಅಮ್ಮಾ, ಎರಡು ಮಾತು!" ಅಂತ ಮೈಕು ಚಾಚಿದ, ಇನ್ನೊಂದು ಕೈಯಿಂದ ನನ್ನನ್ನು ತೋರಿಸಿ, "ಸಾರ್‌ನೂ ಪಕ್ಕಕ್ಕೆ ಕರೀರಿ" ಅಂದ. ಚಿಕ್ಕಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಕಣ್ಣಿನ ಹತ್ತಿರ ಕೈಯಾಡಿಸಿ, ಊರಿಗೆಲ್ಲ ಕೇಳುವ ಹಾಗೆ, "ಅವನಿಗೆ ಕಣ್ಣು ಕಾಣ್ಸಲ್ಲ, ಬಿಡಪ್ಪ" ಅಂದಳು. ಆ ವಿಡಿಯೋ ಮೊದಲಿನದಕ್ಕಿಂತ ಜೋರಾಗಿ ಓಡಿತು. ನಮ್ಮ ಕಾಲೇಜಿನ ಹುಡುಗರೂ ನೋಡಿದ್ದರು. ಒಂದು ವಾರ ನಾನು ಬೋರ್ಡಿನ ಕಡೆ ಮುಖ ಮಾಡಿಯೇ ಪಾಠ ಮಾಡಿದೆ.

ಆಮೇಲೆ ಜಗಲಿ ಮತ್ತೆ ತುಂಬಿತು. ಈಗ ಪಕ್ಕದ ಬೀದಿಗಳಿಂದಲೂ ಬರುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಬೆನ್ನು ತಿರುಗಿಸಿ ಮಾತಾಡುವುದಿಲ್ಲ. ಒಲೆಯ ಮುಂದೆ ನಿಂತವರೂ ಒಮ್ಮೆ ತಿರುಗಿ, ಮುಖ ತೋರಿಸಿ, ಹೇಳುತ್ತಾರೆ. ನಾನು ವಿಮರ್ಶೆ ಬರೆಯುವುದನ್ನು ಬಿಟ್ಟಿಲ್ಲ. ಜಗಲಿಯ ತೀರ್ಪು ಬಂದ ಮೇಲೆ ಬರೆಯುತ್ತೇನೆ, ಅಷ್ಟೇ.

ಇದೆಲ್ಲ ನೆನೆಯುತ್ತಾ ಕೂತಿದ್ದ ಹಾಗೆಯೇ ಬಸ್ಸು ಮಧುರೆ ದಾಟಿತು, ಮೊಬೈಲು ಅದುರಿತು. ಚಿಕ್ಕಮ್ಮನ ವಿಡಿಯೋ ಕಾಲ್. ಅವಳು ಮಾಡುವುದೇ ವಿಡಿಯೋ ಕಾಲ್, ಅದೂ ದನಿಯಿಲ್ಲದೆ. ಬೇರೆಯವರದು ತಿಳಿಯದಿದ್ದರೂ ಅವಳ ತುಟಿ ಮಾತ್ರ ನಾಲ್ಕು ವರ್ಷದಲ್ಲಿ ನನಗೆ ಒಂದಿಷ್ಟು ತಿಳಿಯುವ ಹಾಗಾಗಿದೆ. "ಎಲ್ಲಿದೀಯಾ? ಎರಡೂವರೆ ಆಟ," ಅಂದಳು. "ಬರ್ತಿದೀನಿ," ಅಂದೆ, ನಾನೂ ದನಿಯಿಲ್ಲದೆ. ಕಾಲ್ ಕಟ್ ಮಾಡಬೇಕಿತ್ತು. ಮಾಡಲಿಲ್ಲ. ಅವಳ ಮುಖ ನೋಡುತ್ತಾ, ತುಂಬಿದ ಬಸ್ಸಿನಲ್ಲಿ ಯಾರಿಗೂ ಕೇಳಿಸದ ಹಾಗೆ, ತುಟಿಯಲ್ಲೇ ಹೇಳಿದೆ. "ಅವತ್ತು ಗೇಟ್ ಹತ್ರ ನಾನು ಹಂಗಂದಿದ್ದು ತಪ್ಪಾಯ್ತು ಚಿಕ್ಕಮ್ಮ."

ಅವಳು ಮೊಬೈಲನ್ನು ಮುಖಕ್ಕೆ ಇನ್ನಷ್ಟು ಹತ್ತಿರ ತಂದಳು. ಆಮೇಲೆ ದನಿಯಿಲ್ಲದ ಆಟವನ್ನೆಲ್ಲ ಮರೆತು, ಹನ್ನೆರಡು ಮಗ್ಗ ಮೀರಿಸುವ ಗಂಟಲಿನಲ್ಲಿ ನನ್ನ ಮೊಬೈಲಿನೊಳಗಿಂದ ಕೂಗಿದಳು.

"ಗೊತ್ತು ಕಣೋ! ನಾಲ್ಕು ವರ್ಷದಿಂದ ನಿನ್ ತುಟಿ ಮೇಲೆ ಅದೇ ಮಾತು ಅಳ್ಳಾಡ್ತೈತೆ, ದಿನಾ ನೋಡ್ತಾನೇ ಇದೀನಿ! ಟಿಕೆಟ್ ತಗೊಂಡಾಗೈತೆ, ಬೇಗ ಬಾ!"

ಕಂಡಕ್ಟರೂ ಸೇರಿ ಇಡೀ ಬಸ್ಸು ನನ್ನ ಕಡೆ ತಿರುಗಿತು. ನಾನು ಎದ್ದು ನಿಂತು, ಅಷ್ಟೇ ಜೋರಾಗಿ, "ಬಂದೆ ಚಿಕ್ಕಮ್ಮಾ!" ಅಂದೆ.